ಪಕ್ಕವಾದ್ಯದ ಜಾಗದಿಂದ ಎದ್ದು ಬಂದ ಯಾಂಗ್‌ಚಿನ್: ಲಿಯೂ ಯುವೆನಿಂಗ್ ಪ್ರಕರಣ

ಸಂತೂರ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ಪಂಡಿತ್ ಶಿವಕುಮಾರ ಶರ್ಮಾ ನೆನಪಾಗುತ್ತಾರೆ. ಅದೇ ಮನೆತನದ ಚೀನೀ ವಾದ್ಯ ಒಂದಿದೆ. ಹೆಸರು ಯಾಂಗ್‌ಚಿನ್. ಅದೂ ತಂತಿಯನ್ನು ಕೋಲಿನಿಂದ ತಟ್ಟಿ ನುಡಿಸುವಂಥದ್ದೇ. ಆದರೆ ಅದನ್ನು ನುಡಿಸುವವರ ಒಂದು ಹೆಸರು ಹೇಳಿ ಅಂದರೆ ಚೆನ್ನಾಗಿ ಸಂಗೀತ ಕೇಳುವವರೂ ತಲೆ ಕೆರೆದುಕೊಳ್ಳುತ್ತಾರೆ. ಚೀನಾದ ವಾದ್ಯಗಳಲ್ಲಿ ಹೊರಗಿನವರಿಗೆ ಗೊತ್ತಿರೋದು ಹೆಚ್ಚೆಂದರೆ ಮೀಟಿ ನುಡಿಸುವ ಪಿಪಾ, ಗುಜೆಂಗ್, ಕಮಾನಿನಿಂದ ನುಡಿಸುವ ಅರ್ಹು. ಯಾಂಗ್‌ಚಿನ್ ಬಹಳ ಕಾಲ ಹಿಂದಿನ ಸಾಲಿನಲ್ಲೇ ಕೂತಿತ್ತು.

ಈ ಬರಹ ಲಿಯೂ ಯುವೆನಿಂಗ್ ಅವರ ಬಗ್ಗೆ. ಬೀಜಿಂಗ್‌ನ ಸೆಂಟ್ರಲ್ ಕನ್ಸರ್ವೇಟರಿ ಆಫ್ ಮ್ಯೂಸಿಕ್‌ನಲ್ಲಿ ಯಾಂಗ್‌ಚಿನ್ ಕಲಿಸುವ ಪ್ರೊಫೆಸರ್ ಅವರು. ವೇದಿಕೆಯ ಮೇಲೆ ನುಡಿಸುತ್ತಾರೆ, ಪಾಠ ಹೇಳುತ್ತಾರೆ, ಜೊತೆಗೆ ಬೇರೆ ಬೇರೆ ದೇಶಗಳ ಇದೇ ಜಾತಿಯ ವಾದ್ಯಗಳ ಮೇಲೆ ಸಂಶೋಧನೆ ಮಾಡಿದ್ದಾರೆ. ಮೂರೂ ಮಾಡುವವರು ಎಲ್ಲ ಕಡೆ ಇರುತ್ತಾರೆ ಅನ್ನಬಹುದು. ನಿಜ, ಬಯೋಡೇಟಾದಲ್ಲಿ ಎಲ್ಲರೂ ಮೂರೂ ಮಾಡಿರುತ್ತಾರೆ! ಲಿಯೂ ಪ್ರಕರಣ ನನಗೆ ಮುಖ್ಯ ಅನ್ನಿಸಿದ್ದು ಬೇರೆ ಕಾರಣಕ್ಕೆ. ಇಲ್ಲಿ ಒಂದು ಕೆಲಸ ಇನ್ನೊಂದಕ್ಕೆ ದಾರಿ ಮಾಡಿದೆ. ವೇದಿಕೆಯಲ್ಲಿ ಎದುರಾಗುವ ತೊಂದರೆ ಸಂಶೋಧನೆಯ ಪ್ರಶ್ನೆಯಾಗುತ್ತದೆ, ಸಂಶೋಧನೆಗೆ ಹೋದ ಕಡೆ ಅವರೇ ಮತ್ತೆ ವಿದ್ಯಾರ್ಥಿಯಾಗುತ್ತಾರೆ, ಅಲ್ಲಿ ಕಲಿತದ್ದು ವಾಪಸ್ ಕ್ಲಾಸ್‌ರೂಮಿಗೆ ಬರುತ್ತದೆ. ಹೀಗೆ ಯಾಕಾಯಿತು ಅಂತ ತಿಳಿಯಬೇಕಾದರೆ ಮೊದಲು ಆ ವಾದ್ಯ ಎಂಥದ್ದು ಅಂತ ನೋಡಬೇಕು.

ವಾದ್ಯದ ಸಮಾಚಾರ

ಯಾಂಗ್‌ಚಿನ್ ಚೀನಾಕ್ಕೆ ಬಂದದ್ದು ಮಿಂಗ್ ಅರಸರ ಕೊನೆಗಾಲದಲ್ಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ 16-17ನೇ ಶತಮಾನದ ಹೊತ್ತಿಗೆ, ದಕ್ಷಿಣದ ಗ್ವಾಂಗ್‌ಡಾಂಗ್ ಕರಾವಳಿಗೆ, ಹಡಗಿನಲ್ಲಿ. ಪರ್ಷಿಯಾದ ಸಂತೂರಿನಿಂದ ನೇರವಾಗಿ ಬಂತೋ, ಯುರೋಪಿನವರ ಕೈಯಿಂದ ಬಂತೋ ಅನ್ನೋ ಚರ್ಚೆ ಇನ್ನೂ ಇದೆ. ನೆಲದ ಮೇಲಿನ ರೇಷ್ಮೆ ದಾರಿಯಲ್ಲಿ ಬಂತು ಅನ್ನುವವರಿದ್ದಾರೆ. ಇಲ್ಲ, ನಮ್ಮಲ್ಲೇ ಹಳೇ ಕಾಲದಲ್ಲಿ ಕೋಲಿನಿಂದ ತಟ್ಟಿ ನುಡಿಸುವ 'ಝು' ಅನ್ನೋ ವಾದ್ಯ ಇತ್ತಲ್ಲ, ಅದರ ಮುಂದುವರಿಕೆಯೇ ಇದು ಅಂತ ವಾದಿಸುವವರೂ ಇದ್ದಾರೆ. ಈ ಕೊನೆಯ ವಾದದಲ್ಲಿ ಸ್ವದೇಶಾಭಿಮಾನ ಸ್ವಲ್ಪ ಜಾಸ್ತಿ, ಆಧಾರ ಸ್ವಲ್ಪ ಕಮ್ಮಿ ಅಂತ ನನಗನ್ನಿಸುತ್ತದೆ. ಏನೇ ಇರಲಿ, ಬಂದ ಮೇಲೆ ವಾದ್ಯ ಅಲ್ಲಿನದೇ ಆಯಿತು. ಗ್ವಾಂಗ್‌ಡಾಂಗ್‌ನ ಸಂಗೀತಕ್ಕೆ ಸೇರಿತು. ಶಾಂಘೈ ಸುತ್ತಮುತ್ತಲಿನ ಟೀ ಅಂಗಡಿಗಳಲ್ಲಿ ನುಡಿಸುವ 'ಜ್ಯಾಂಗ್‌ನಾನ್ ಸಿಝು' ಮೇಳಕ್ಕೆ ಸೇರಿತು. ಸಿಚುವಾನ್‌ನಲ್ಲಿ ಹಾಡುತ್ತಾ ಕಥೆ ಹೇಳುವವರ ನಡುವೆ ಕೂತು ಆ ಕಲಾಪ್ರಕಾರಕ್ಕೇ ತನ್ನ ಹೆಸರು ಕೊಟ್ಟಿತು. ಈಶಾನ್ಯ ಚೀನಾದಲ್ಲಿ ಇನ್ನೊಂದು ಬಾನಿ ಬೆಳೆಯಿತು. ಈ ನಾಲ್ಕನ್ನೂ ಇವತ್ತಿಗೂ ನಾಲ್ಕು ಪರಂಪರೆಗಳು ಅಂತ ಲೆಕ್ಕ ಹಾಕುತ್ತಾರೆ.

ಆದರೆ ಮೇಳದಲ್ಲಿ ಅದರ ಕೆಲಸ ಏನು? ಅರ್ಹು ಮತ್ತು ಕೊಳಲು ಸ್ವರವನ್ನು ಎಳೆಯುತ್ತವೆ. ಯಾಂಗ್‌ಚಿನ್ ಆ ಎಳೆದ ಸ್ವರಗಳ ನಡುವೆ ಸಣ್ಣ ಸಣ್ಣ ಸ್ವರಗಳನ್ನು ತುಂಬುತ್ತದೆ. ಲಯ ಹಿಡಿಯುತ್ತದೆ, ಎಲ್ಲರನ್ನೂ ಒಟ್ಟಿಗೆ ಇಡುತ್ತದೆ. ಒಬ್ಬರೇ ಕೂತು ನುಡಿಸಿದರೆ ಹದಿನೈದು ನಿಮಿಷ ಕೇಳುವಂಥ ರಚನೆಗಳು ಅದಕ್ಕೆ ಹೆಚ್ಚು ಇರಲಿಲ್ಲ. ನಮ್ಮಲ್ಲಿ ಘಟಂ ಅಥವಾ ಖಂಜಿರದವರಿಗೆ ಏಕಾಂಗಿ ಕಛೇರಿ ಕೊಡಿ ಅಂತ ಹೇಳಿದ ಹಾಗೆ. ವಿದ್ವತ್ತು ಬೇಕಾದಷ್ಟಿದೆ, ಆದರೆ ಎರಡು ಗಂಟೆ ತುಂಬಲು ಸರಕನ್ನು ತಾವೇ ಹೊಸದಾಗಿ ಕಟ್ಟಬೇಕು.

ಕಟ್ಟಿದವರು ಇದ್ದರು. ಗ್ವಾಂಗ್‌ಡಾಂಗ್‌ನ ಯಾನ್ ಲಾವ್‌ಲಿಯೆ ಹಳೇ ಧಾಟಿಯೊಂದನ್ನು ತೆಗೆದುಕೊಂಡು, ಅದಕ್ಕೆ ತಾಳಕ್ಕೆ ಎದುರು ಬೀಳುವ ಪೆಟ್ಟುಗಳನ್ನು, ತುಂಬು ಸ್ವರಗಳನ್ನು ಸೇರಿಸಿ 'ಹಾನ್‌ಥಿಯನ್‌ಲೇ' ಮಾಡಿದರು. ಬರಗಾಲದಲ್ಲಿ ಕೇಳಿದ ಗುಡುಗು, ಮಳೆ ಬರುತ್ತದೆ ಅನ್ನೋ ಖುಷಿ. ಇವತ್ತಿಗೂ ಯಾಂಗ್‌ಚಿನ್ ಕಲಿಯುವ ಪ್ರತಿ ಮಗುವೂ ಇದನ್ನು ದಾಟಿಯೇ ಮುಂದೆ ಹೋಗಬೇಕು. ಹಾಂಗ್‌ಕಾಂಗ್‌ನಲ್ಲಿದ್ದ ಚಿಯೂ ಹೆಚೌ ಯಾಂಗ್‌ಚಿನ್ ಕಲಿಯುವ ಪುಸ್ತಕಗಳನ್ನು ಅಚ್ಚು ಹಾಕಿಸಿದರು. 1920ರ ದಶಕ ಅಂದರೆ ಗ್ರಾಮಫೋನ್ ಪ್ಲೇಟುಗಳು ಓಡುತ್ತಿದ್ದ ಕಾಲ. ಲ್ಯೂ ವೆನ್‌ಚೆಂಗ್ ಅನ್ನೋ ಇನ್ನೊಬ್ಬ ದೊಡ್ಡವರು ಯಾಂಗ್‌ಚಿನ್, ಅರ್ಹು, ಹಾಡುಗಾರಿಕೆ ಎಲ್ಲದರಲ್ಲೂ ಕೈಯಾಡಿಸಿ ಪ್ಲೇಟುಗಳ ಮೇಲೆ ಪ್ಲೇಟು ಕೊಟ್ಟರು. ಅರ್ಹುವಿಗೆ ಸ್ಟೀಲ್ ತಂತಿ ಹಾಕಿ 'ಗಾವ್‌ಹು' ಅನ್ನೋ ಎತ್ತರದ ದನಿಯ ವಾದ್ಯ ಮಾಡಿದವರು ಇವರೇ. ಗಮನಿಸಿ, ನುಡಿಸೋದು, ಕಲಿಸೋದು, ಬರೆದಿಡೋದು ಈ ತಲೆಮಾರಿನಲ್ಲೇ ಒಟ್ಟಿಗೆ ಇತ್ತು. ಆದರೆ ಅದಕ್ಕೆ ಸಂಸ್ಥೆಯ ಬಲ ಇರಲಿಲ್ಲ, ಸಂಬಳವೂ ಇರಲಿಲ್ಲ.

ಸಂಸ್ಥೆ ಬಂದದ್ದು 1949ರ ನಂತರ. ಸೆಂಟ್ರಲ್ ಕನ್ಸರ್ವೇಟರಿ 1950ರಲ್ಲಿ ತಿಯಾಂಜಿನ್‌ನಲ್ಲಿ ಬಾಗಿಲು ತೆರೆದು 1958ರಲ್ಲಿ ಬೀಜಿಂಗ್‌ಗೆ ಹೋಯಿತು. ಸರ್ಕಾರಕ್ಕೆ ದೊಡ್ಡ ದೊಡ್ಡ ವಾದ್ಯವೃಂದಗಳು ಬೇಕಿದ್ದವು, ಪಾಶ್ಚಾತ್ಯ ಆರ್ಕೆಸ್ಟ್ರಾದ ಮಾದರಿಯಲ್ಲಿ. ಹಳೇ ಯಾಂಗ್‌ಚಿನ್ ಅದಕ್ಕೆ ಸಾಲುತ್ತಿರಲಿಲ್ಲ. ಅದು ಚಿಕ್ಕದು, ಎರಡು ಸಾಲು ಕುದುರೆಗಳು (ತಂತಿಯನ್ನು ಎತ್ತಿ ಹಿಡಿಯುವ ಆಸರೆಗಳು), ತೆಳುವಾದ ತಂತಿ, ಕೆಲವೇ ಶ್ರುತಿಗಳಲ್ಲಿ ನುಡಿಸಬಹುದಿತ್ತು. 1950ರ ದಶಕದಿಂದ ಮುಂದಕ್ಕೆ ಅದನ್ನು ದೊಡ್ಡದು ಮಾಡುತ್ತಲೇ ಹೋದರು. ಕುದುರೆಗಳ ಸಾಲು ಹೆಚ್ಚಿದವು, ಸ್ಟೀಲ್ ತಂತಿ ಬಂತು, ಶ್ರುತಿಯನ್ನು ಚೂರು ಏರಿಸಿ ಇಳಿಸಲು ತಂತಿಯ ಕೆಳಗೆ ಜರುಗುವ ಗುಂಡುಗಳು ಬಂದವು. ಈಗ ಚೀನಾದಲ್ಲಿ ಎಲ್ಲೆಡೆ ಕಾಣುವ '402' ಅನ್ನೋ ಮಾದರಿಗೆ ನಾಲ್ಕು ಸ್ಥಾಯಿಗೂ ಮಿಗಿಲಾದ ವ್ಯಾಪ್ತಿ, 140ಕ್ಕೂ ಹೆಚ್ಚು ತಂತಿ. ಇದರ ಹಿಂದೆ ದುಡಿದವರಲ್ಲಿ ಮುಖ್ಯರು ಸೆಂಟ್ರಲ್ ಕನ್ಸರ್ವೇಟರಿಯ ಗುಯ್ ಶೀಲಿ. ಲಿಯೂ ಯುವೆನಿಂಗ್ ಅವರ ಗುರು ಇವರೇ.

ಶಿಷ್ಯೆಗೆ ಉಳಿದ ಕೆಲಸ

ನಡುವೆ 1966ರಿಂದ 76ರವರೆಗೆ ಸಾಂಸ್ಕೃತಿಕ ಕ್ರಾಂತಿ. ಕನ್ಸರ್ವೇಟರಿಗಳ ಪಾಠ ನಿಂತೇ ಹೋಗಿತ್ತು. ಅದು ಮುಗಿದ ಮೇಲೆ ಮತ್ತೆ ಪ್ರವೇಶ ಪರೀಕ್ಷೆಗಳು ಶುರುವಾದವು. ಆಗ ಒಳಗೆ ಬಂದು ಬೆಳೆದ ತಲೆಮಾರಿಗೆ ಒಂದು ಅನುಕೂಲ ಇತ್ತು. ಗುರುಗಳು ವಾದ್ಯವನ್ನು ರಿಪೇರಿ ಮಾಡಿ, ಹಿಗ್ಗಿಸಿ ಕೈಗೆ ಕೊಟ್ಟಿದ್ದರು. ಲಿಯೂ ಇದೇ ಸಂಸ್ಥೆಯಲ್ಲಿ ಕಲಿತು ಇದೇ ಸಂಸ್ಥೆಯಲ್ಲಿ ಮೇಷ್ಟರಾದವರು.

ಹಾಗಾದರೆ ಅವರಿಗೆ ಉಳಿದ ಕೆಲಸ ಏನು? ವಾದ್ಯ ಈಗ ದೊಡ್ಡದಿದೆ, ಎಲ್ಲ ಶ್ರುತಿಯಲ್ಲೂ ನುಡಿಯುತ್ತದೆ, ಹೊಸ ರಚನೆಗಳೂ ಬರುತ್ತಿವೆ. ಆದರೂ ಒಂದು ಮೂಲ ತೊಂದರೆ ಹೋಗಿಲ್ಲ. ಕೋಲಿನಿಂದ ತಟ್ಟಿದ ತಂತಿಯ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಅದನ್ನು ಎಳೆಯಲು ಆಗುವುದಿಲ್ಲ, ಬಾಗಿಸಲು ಆಗುವುದಿಲ್ಲ. ಇನ್ನೊಂದು ಕಡೆ ಅದು ಪೂರ್ತಿ ಸಾಯುವುದೂ ಇಲ್ಲ. ಮುಂದಿನ ಸ್ವರ ಬಂದ ಮೇಲೂ ಹಿಂದಿನದು ಗುಂಯ್ ಅಂತ ಉಳಿದು ಎಲ್ಲವನ್ನೂ ಕಲಸಿಹಾಕುತ್ತದೆ. ಹೇಗೆ ನೋಡಿದರೂ ಕಷ್ಟ: ಬೇಕಾದಾಗ ಉಳಿಯುವುದಿಲ್ಲ, ಬೇಡವಾದಾಗ ಹೋಗುವುದಿಲ್ಲ.

ಚೀನೀ ವಾದಕರು ಇದಕ್ಕೆ ಕಂಡುಕೊಂಡ ಉಪಾಯಗಳು ಬಹಳ ಸೊಗಸಾಗಿವೆ. ಅವರ ಕೋಲು ಬಿದಿರಿನದು, ಸುಮಾರು ಒಂದು ಅಡಿ ಉದ್ದ, ಬಳುಕುತ್ತದೆ. ತುದಿಗೆ ರಬ್ಬರ್ ಸುತ್ತಿರುತ್ತಾರೆ. ರಬ್ಬರ್ ಕಡೆಯಿಂದ ತಟ್ಟಿದರೆ ಮೆತ್ತಗಿನ ದನಿ, ತಿರುಗಿಸಿ ಬರೀ ಬಿದಿರಿನಿಂದ ತಟ್ಟಿದರೆ ಗರಿಗರಿಯಾದ ದನಿ. ಎರಡೂ ಕೈಯಿಂದ ಒಂದೇ ಸ್ವರವನ್ನು ವೇಗವಾಗಿ ತಟ್ಟಿದರೆ ಸ್ವರ ಎಳೆದಂತೆ ಕೇಳುತ್ತದೆ. ಕೋಲನ್ನು ತಂತಿಯ ಮೇಲೆ ಬಿಟ್ಟರೆ ತಾನಾಗಿ ಪುಟಿಯುತ್ತದೆ, ಅದು ಬೇರೆಯೇ ನಡುಕ. ಕುದುರೆಯ ಆಚೆ ಕಡೆ ತಂತಿಯನ್ನು ಬೆರಳಿನಿಂದ ಒತ್ತಿದರೆ ಚೂರು ಗಮಕ ಸಿಗುತ್ತದೆ. ಬೆರಳಿಗೆ ಲೋಹದ ಉಂಗುರದಂಥದ್ದು ಹಾಕಿಕೊಂಡು ತಂತಿಯ ಮೇಲೆ ಜಾರಿಸಿದರೆ ಜಾರು ಬರುತ್ತದೆ. ಈ ಎಲ್ಲ ಉಪಾಯಗಳನ್ನೂ ಚೆನ್ನಾಗಿ ಬಲ್ಲವರು ವೇದಿಕೆಯಲ್ಲಿ ಯಾವ ತೊಂದರೆಯೂ ಇಲ್ಲದೆ ಜೀವನ ಕಳೆಯಬಹುದು. ಬಹಳ ಜನ ಹಾಗೇ ಕಳೆಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಲಿಯೂ ಮಾಡಿದ್ದು ಬೇರೆ. ಇದೇ ತೊಂದರೆಯನ್ನು ಜಗತ್ತಿನ ಬೇರೆ ಕಡೆ ಹೇಗೆ ಬಗೆಹರಿಸಿದ್ದಾರೆ ಅಂತ ನೋಡಲು ಹೊರಟರು. ಇದು ನನ್ನ ಓದು, ಅವರು ಹೀಗೇ ಹೇಳಿದ್ದಾರೆ ಅಂತಲ್ಲ. ಆದರೆ ಅವರು ಹೋದ ಊರುಗಳನ್ನು ನೋಡಿದರೆ ಈ ಓದು ಸರಿ ಅನ್ನಿಸುತ್ತದೆ. ಯಾಕೆಂದರೆ ಅವರು ಹೋದದ್ದು ಒಂದು ಹಂಗೆರಿಗೆ, ಇನ್ನೊಂದು ಭಾರತಕ್ಕೆ. ಈ ಎರಡು ದೇಶಗಳು ಆ ತೊಂದರೆಗೆ ಕೊಟ್ಟ ಉತ್ತರಗಳು ಒಂದಕ್ಕೊಂದು ಪೂರ್ತಿ ತದ್ವಿರುದ್ಧ.

ಬುಡಾಪೆಸ್ಟ್

ಹಂಗೆರಿಯ ಸಿಂಬಲೋಮ್ ಒಂದು ಭಾರಿ ಗಾತ್ರದ ವಾದ್ಯ. ಕಾಲುಗಳ ಮೇಲೆ ನಿಂತ ಸಣ್ಣ ಪಿಯಾನೋ ಹಾಗೆ ಕಾಣುತ್ತದೆ. ಮೊದಲು ಅದೂ ಜಿಪ್ಸಿ ವಾದಕರು ಮದುವೆಗೆ, ಹೋಟೆಲಿಗೆ ಹೊತ್ತುಕೊಂಡು ಹೋಗುತ್ತಿದ್ದ ಚಿಕ್ಕ ಪೆಟ್ಟಿಗೆಯೇ. 1870ರ ದಶಕದಲ್ಲಿ ಬುಡಾಪೆಸ್ಟ್‌ನ ವಾದ್ಯ ತಯಾರಕ ಶುಂಡಾ ಅದನ್ನು ಹಿಗ್ಗಿಸಿ, ಕಾಲು ಕೊಟ್ಟು, ಕೆಳಗೆ ಒಂದು ಪೆಡಲ್ ಇಟ್ಟ. ಪೆಡಲ್ ಬಿಟ್ಟರೆ ತಂತಿಗಳ ಮೇಲೆ ಮೆತ್ತೆ ಕೂತು ದನಿ ನಿಲ್ಲುತ್ತದೆ, ಒತ್ತಿದರೆ ಗುನುಗು ಮುಂದುವರಿಯುತ್ತದೆ. ಬೇಡವಾದ ಗುಂಯ್‌ಗುಡುವಿಕೆಗೆ ಇದು ಎಂಜಿನಿಯರ್ ಕೊಟ್ಟ ಉತ್ತರ. ಕಾಲು ಆ ಕೆಲಸ ನೋಡಿಕೊಳ್ಳುತ್ತದೆ, ಕೈ ಬಿಡುವಾಗುತ್ತದೆ. ಮುಂದೆ ಸಂಗೀತ ರಚನಾಕಾರರೂ ಇದರ ಹಿಂದೆ ಬಂದರು. ಸ್ಟ್ರಾವಿನ್‌ಸ್ಕಿ ಇದಕ್ಕೆ ಬರೆದ. ಹಂಗೆರಿಯವನೇ ಆದ ಕೊಡಾಯಿ ತನ್ನ 'ಹಾರಿ ಯಾನೋಷ್' ಅನ್ನೋ ಕೃತಿಯಲ್ಲಿ ಇದಕ್ಕೆ ಕೊಟ್ಟ ಜಾಗವಂತೂ ಎಲ್ಲರಿಗೂ ಗೊತ್ತಿರುವಂಥದ್ದು.

ಲಿಯೂ ಬುಡಾಪೆಸ್ಟ್‌ನ ಲಿಸ್ಟ್ ಅಕಾಡೆಮಿಯಲ್ಲಿ ಸಿಂಬಲೋಮ್ ಕಲಿಯಲು ಹೋದಾಗ ಹೊಸಬರೇನಲ್ಲ, ಸ್ವದೇಶದಲ್ಲಿ ಹೆಸರಾದ ವಾದಕಿ ಮತ್ತು ಮೇಷ್ಟರು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ಹೊರಗಿನಿಂದ ಕಾಣುವುದಕ್ಕಿಂತ ಕಷ್ಟದ ಕೆಲಸ. ಎರಡೂ ಒಂದೇ ಜಾತಿಯ ವಾದ್ಯ, ಎರಡೂ ಹೊಡೆದು ನುಡಿಸುವಂಥವು, ಸಲೀಸಾಗಿ ದಾಟಬಹುದು ಅನ್ನಿಸುತ್ತದೆ ಅಲ್ವಾ? ಅಲ್ಲ. ಯಾಂಗ್‌ಚಿನ್‌ನಲ್ಲಿ ಸ್ವರಗಳ ಜೋಡಣೆಗೆ ಒಂದು ಲೆಕ್ಕ ಇದೆ. ಮೇಲೆ ಹೋದರೆ ಒಂದೊಂದು ಕುದುರೆಗೆ ಒಂದು ಪೂರ್ಣ ಸ್ವರದ ಅಂತರ, ಕುದುರೆಯ ಎಡಕ್ಕೂ ಬಲಕ್ಕೂ ಷಡ್ಜ-ಪಂಚಮದ ಅಂತರ. ಕೈಗೆ ಆ ನಕ್ಷೆ ಒಮ್ಮೆ ಕೂತರೆ ಕಣ್ಣು ಮುಚ್ಚಿ ನುಡಿಸಬಹುದು. ಸಿಂಬಲೋಮಿನ ನಕ್ಷೆ ಬೇರೆ, ಅಷ್ಟು ಕ್ರಮಬದ್ಧವೂ ಅಲ್ಲ. ಕೋಲು ಬೇರೆ: ಮರದ್ದು, ತುದಿಗೆ ಹತ್ತಿ ಸುತ್ತಿದ್ದು, ಬಿದಿರಿನ ಹಾಗೆ ಬಳುಕುವುದಿಲ್ಲ. ಹಿಡಿಯುವ ರೀತಿ ಬೇರೆ. ಯಾಂಗ್‌ಚಿನ್ ವಾದಕರ ಮಣಿಕಟ್ಟು ವರ್ಷಗಟ್ಟಲೆ ನಂಬಿಕೊಂಡ ಬಿದಿರಿನ ಪುಟಿತ ಅಲ್ಲಿಲ್ಲ, ಬದಲಿಗೆ ಎಂದೂ ಕೆಲಸವಿಲ್ಲದೆ ಸುಮ್ನೆ ಇದ್ದ ಕಾಲಿಗೆ ಈಗ ಪೂರ್ತಿ ಹೊತ್ತಿನ ಕೆಲಸ. ಅಂದರೆ ತಾಯ್ನಾಡಿನಲ್ಲಿ ಬೇರೆಯವರಿಗೆ ತಿದ್ದುತ್ತಿದ್ದವರು ಇಲ್ಲಿ ಮೊದಲ ಪಾಠದಿಂದ ತಿದ್ದಿಸಿಕೊಳ್ಳಬೇಕು.

ಸಂಶೋಧನೆ ಅನ್ನೋದು ಈ ಹಂತದಲ್ಲೇ ನಿಜವಾಗುತ್ತದೆ ಅಂತ ನನ್ನ ಅಭಿಪ್ರಾಯ. ಸಿಂಬಲೋಮ್ ಬಗ್ಗೆ ಲೈಬ್ರರಿಯಲ್ಲಿ ಕೂತು ಬರೆಯಬಹುದಿತ್ತು. ಇತಿಹಾಸ, ಚಿತ್ರ, ಅಳತೆ ಎಲ್ಲ ಸಿಗುತ್ತದೆ. ಆದರೆ ಪೆಡಲ್ ಇದ್ದರೆ ಕೈ ಏನು ಮಾಡುವುದನ್ನು ಬಿಡುತ್ತದೆ ಅನ್ನೋದು ನುಡಿಸದವರಿಗೆ ಗೊತ್ತಾಗುವುದಿಲ್ಲ. ಯಾಂಗ್‌ಚಿನ್‌ನಲ್ಲಿ ದನಿ ನಿಲ್ಲಿಸಬೇಕಾದರೆ ಅಂಗೈ ಅಥವಾ ಬೆರಳು ತಂತಿಯ ಮೇಲೆ ಇಡಬೇಕು, ಆ ಕ್ಷಣಕ್ಕೆ ಆ ಕೈ ನುಡಿಸುವುದಿಲ್ಲ. ಹಾಗಾಗಿ ಚೀನೀ ಸಂಗೀತಗಾರರು ಗುನುಗನ್ನು ತಡೆಯುವ ಬದಲು ಅದನ್ನೇ ಬಳಸಿಕೊಂಡು ರಚನೆ ಮಾಡಿದರು. ಹಂಗೆರಿಯವರು ಅದನ್ನು ಅಳೆದು ಕತ್ತರಿಸಿದರು. ಎರಡು ಸಂಗೀತದ ಸ್ವಭಾವವೇ ಇಲ್ಲಿಂದ ಬೇರೆಯಾಗುತ್ತಾ ಹೋಗುತ್ತದೆ.

ಬುಡಾಪೆಸ್ಟ್ ಈ ಬಗೆಯ ವಾದ್ಯಗಳ ಜಗತ್ತಿಗೆ ಒಂಥರಾ ತವರು ಕೂಡ. 1991ರಲ್ಲಿ ವಿಕ್ಟೋರಿಯಾ ಹೆರೆಂಚಾರ್ ಅವರ ಮುಂದಾಳತ್ವದಲ್ಲಿ ಅಲ್ಲಿ ಸಿಂಬಲೋಮ್ ವರ್ಲ್ಡ್ ಅಸೋಸಿಯೇಷನ್ ಶುರುವಾಯಿತು. ಸಂತೂರ್, ಸಿಂಬಲೋಮ್, ಹಾಕ್‌ಬ್ರೆಟ್, ಯಾಂಗ್‌ಚಿನ್, ಎಲ್ಲ ನೆಂಟರೂ ಒಂದೆಡೆ ಸೇರುವ ಕೂಟ ಅದು. 2005ರಲ್ಲಿ ಅದರ ಸಮ್ಮೇಳನ ಬೀಜಿಂಗ್‌ನಲ್ಲೇ ನಡೆಯಿತು. ಚೀನಾದಿಂದ ಈ ಕೂಟದೊಂದಿಗೆ ಮೊದಲು ನಂಟು ಬೆಳೆಸಿದವರಲ್ಲಿ ಶ್ಯಾಂಗ್ ಝೂಹ್ವಾ ಪ್ರಮುಖರು. ಬೀಜಿಂಗ್‌ನ ಇನ್ನೊಂದು ಸಂಸ್ಥೆಯಾದ ಚೈನಾ ಕನ್ಸರ್ವೇಟರಿಯಲ್ಲಿ ಕಲಿಸಿದ ಅವರು, ರಚನೆಕಾರರೂ ಆಗಿದ್ದ ದೊಡ್ಡ ಯಾಂಗ್‌ಚಿನ್ ವಾದಕರು. ಲಿಯೂ ಒಬ್ಬರೇ ಎಲ್ಲ ಮಾಡಿದರು ಅಂತ ಯಾರಾದರೂ ಬರೆದರೆ ಅದು ಅನ್ಯಾಯ. ನೆಲ ಹದ ಮಾಡಿದವರು ಹಿಂದೆ ಇದ್ದರು.

ದೆಹಲಿ

2009-10ರ ಸುಮಾರಿಗೆ ಲಿಯೂ ಭಾರತಕ್ಕೆ ಬಂದರು. ಏಷ್ಯಾದ ಒಂದು ದೇಶದ ವಿದ್ವಾಂಸರು ಏಷ್ಯಾದ್ದೇ ಇನ್ನೊಂದು ದೇಶಕ್ಕೆ ಹೋಗಿ ಅಧ್ಯಯನ ಮಾಡಲು ಕೊಡುತ್ತಿದ್ದ ಫೆಲೋಶಿಪ್ ಅದು. ದೆಹಲಿಯಲ್ಲಿದ್ದು ನಮ್ಮ ಸಂತೂರ್ ಮತ್ತು ಅದರ ಸಂಗೀತವನ್ನು ಅಧ್ಯಯನ ಮಾಡಿದರು. ಚೀನಾದ ಸಂಗೀತಗಾರರು ಕಲಿಯಲು ಯುರೋಪ್, ಅಮೆರಿಕಕ್ಕೆ ಹೋಗೋದು ಮಾಮೂಲು. ಪಕ್ಕದ ಭಾರತಕ್ಕೆ ಬರುವವರು ಅಪರೂಪ. ನಮ್ಮವರೂ ಅಷ್ಟೇ ಬಿಡಿ, ಇಲ್ಲಿಂದ ಬೀಜಿಂಗ್‌ಗೆ ಸಂಗೀತ ಕಲಿಯಲು ಹೋದವರನ್ನು ಬೆರಳಲ್ಲಿ ಎಣಿಸಬಹುದು.

ಸಂತೂರಿನ ಕಥೆ ನಮಗೆ ಗೊತ್ತಿರುವಂಥದ್ದೇ ಆದರೂ ಯಾಂಗ್‌ಚಿನ್ ಕಡೆಯಿಂದ ನೋಡಿದರೆ ಹೊಸದಾಗಿ ಕಾಣುತ್ತದೆ. ಕಾಶ್ಮೀರದ ಸೂಫಿಯಾನಾ ಮೇಳದಲ್ಲಿ ಅದೂ ಹಾಡುಗಾರಿಕೆಯ ಜೊತೆಗೆ ನುಡಿಯುವ ವಾದ್ಯವಾಗಿತ್ತು. ಜಮ್ಮುವಿನ ಶಿವಕುಮಾರ ಶರ್ಮಾ 1955ರಲ್ಲಿ, ಇನ್ನೂ ಹದಿಹರೆಯದಲ್ಲಿ, ಮುಂಬೈ ವೇದಿಕೆಯಲ್ಲಿ ಅದನ್ನು ಏಕಾಂಗಿಯಾಗಿ ನುಡಿಸಿದಾಗ ವಿಮರ್ಶಕರು ತಕರಾರು ತೆಗೆದರು. ಇದರಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರೋದು, ಬರೋದಿಲ್ಲ, ಆಲಾಪ ಸಾಧ್ಯವಿಲ್ಲ, ಶಾಸ್ತ್ರೀಯ ಸಂಗೀತಕ್ಕೆ ಇದು ಆಗಲ್ಲ ಅಂತ. ಅಂದರೆ ಅದೇ ಹಳೇ ತೊಂದರೆ. ಶರ್ಮಾ ವಾದ್ಯದ ಶ್ರುತಿ ವ್ಯವಸ್ಥೆ ಬದಲಿಸಿದರು, ಸ್ಟ್ಯಾಂಡ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು, ಕಲಮ್ ಅನ್ನೋ ಮರದ ಕೋಲನ್ನು ತಂತಿಯ ಮೇಲೆ ಮೆಲ್ಲಗೆ ಜಾರಿಸಿ ಸ್ವರದಿಂದ ಸ್ವರಕ್ಕೆ ಹೋಗುವ ಕ್ರಮ ಕಂಡುಕೊಂಡರು. ಪೆಡಲ್ ಇಡಲಿಲ್ಲ. ಹೊಸ ಯಂತ್ರದ ಬದಲು ಕೈಯನ್ನೇ ಸಾಣೆ ಹಿಡಿದರು. 2022ರಲ್ಲಿ ಅವರು ತೀರಿಕೊಂಡಾಗ ಸಂತೂರಿಗೆ ಶಾಸ್ತ್ರೀಯ ವೇದಿಕೆಯಲ್ಲಿ ಜಾಗ ಇದೆಯೋ ಇಲ್ಲವೋ ಅಂತ ಕೇಳುವವರೇ ಉಳಿದಿರಲಿಲ್ಲ.

ಹಾಗೆಯೇ ಇನ್ನೊಂದು ವ್ಯತ್ಯಾಸ. ಸಂತೂರ್ ವಾದಕರು ಕಛೇರಿಗೆ ಮುಂಚೆ ಆ ರಾಗಕ್ಕೆ ತಕ್ಕ ಹಾಗೆ ತಂತಿಗಳನ್ನು ಶ್ರುತಿ ಮಾಡಿಕೊಳ್ಳುತ್ತಾರೆ. ಬೇಡದ ಸ್ವರ ಹತ್ತಿರ ಸುಳಿಯುವುದೇ ಇಲ್ಲ. 402 ಮಾಡಿದ್ದೇ ಇದರ ತಿರುಗುಮುರುಗು ಉದ್ದೇಶಕ್ಕೆ. ಹನ್ನೆರಡೂ ಸ್ವರ ಯಾವಾಗಲೂ ಕೈಗೆ ಸಿಗಬೇಕು, ರಚನೆ ಯಾವ ಶ್ರುತಿಗೆ ಜಿಗಿದರೂ ವಾದ್ಯ ತಯಾರಿರಬೇಕು. ಒಂದು ರಾಗದಲ್ಲಿ ಒಂದು ಗಂಟೆ ಇರುವ ಸಂಗೀತಕ್ಕೂ, ಹತ್ತು ನಿಮಿಷದಲ್ಲಿ ನಾಲ್ಕು ಕಡೆ ಓಡಾಡುವ ಸಂಗೀತಕ್ಕೂ ವಾದ್ಯ ಬೇರೆ ಬೇರೆ ಇರಲೇಬೇಕಲ್ಲ. ಬರೆದಿಟ್ಟ ಸ್ವರಲಿಪಿ ನೋಡಿ ಕಲಿತು ಬೆಳೆದವರಿಗೆ ನಮ್ಮ ಮನೋಧರ್ಮದ ಆಲಾಪ ದೊಡ್ಡ ಸವಾಲು. ಕನ್ಸರ್ವೇಟರಿಯ ಮಕ್ಕಳು ಎಷ್ಟೇ ಚುರುಕಾಗಿದ್ದರೂ ಮುಂದೆ ಕಾಗದ ಇಲ್ಲದಿದ್ದರೆ ಗಲಿಬಿಲಿಯಾಗುತ್ತಾರೆ. ಇದು ಚೀನಾದ ಕಥೆ ಮಾತ್ರ ಅಲ್ಲ, ಪಿಯಾನೋ ಕಲಿತ ನಮ್ಮ ಬೆಂಗಳೂರಿನ ಮಕ್ಕಳನ್ನೂ ಕೇಳಿ ನೋಡಿ.

ಭಾರತೀಯ ಕಲಾವಿದರ ಜೊತೆ ಲಿಯೂ ವೇದಿಕೆಯನ್ನೂ ಹಂಚಿಕೊಂಡರು. ಇಂಥ ಜುಗಲ್‌ಬಂದಿಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದ್ದೇ ಇದೆ. ಬಹಳ ಸಲ ಇಬ್ಬರೂ ತಮಗೆ ಬರುವ ಪಂಚಸ್ವರದ ಒಂದು ರಾಗ ಹಿಡಿಯುತ್ತಾರೆ, ಭೂಪಾಲಿಯೋ ಮೋಹನವೋ, ಚೀನೀಯರಿಗೂ ಪಂಚಸ್ವರ ಮನೆಯ ವಿಷಯ, ಕೊನೆಗೆ ಜೋರಾಗಿ ನುಡಿಸಿ ಚಪ್ಪಾಳೆ ತೆಗೆದುಕೊಳ್ಳುತ್ತಾರೆ. ಕೇಳಲು ಹಿತ, ಯಾರೂ ಏನೂ ಕಲಿತಿರುವುದಿಲ್ಲ. ಅದಕ್ಕೇ ಲಿಯೂ ಒಂದು ಕಛೇರಿಗೆ ಬಂದು ಹೋಗದೆ ಅಧ್ಯಯನಕ್ಕೆ ಅಂತ ಬಂದು ಉಳಿದದ್ದು ನನಗೆ ಹೆಚ್ಚು ಬೆಲೆಯದ್ದಾಗಿ ಕಾಣುತ್ತದೆ.

ಕ್ಲಾಸಿಗೆ ಏನು ಬಂತು

ವಾಪಸ್ ಬೀಜಿಂಗ್‌ಗೆ. ಮೇಷ್ಟರಾಗಿ ಲಿಯೂ ಮಾಡಿದ ಕೆಲಸಗಳಲ್ಲಿ ಕಣ್ಣಿಗೆ ಬೀಳುವುದು 'ಮೋಲಿಹ್ವಾ', ಅಂದರೆ ಮಲ್ಲಿಗೆ, ಅನ್ನೋ ಯಾಂಗ್‌ಚಿನ್ ವೃಂದ. ಹಲವು ಯಾಂಗ್‌ಚಿನ್‌ಗಳು ಒಟ್ಟಿಗೆ ನುಡಿಯುವ ಗುಂಪು. ಮೇಲ್ನೋಟಕ್ಕೆ ಇದೇನು ಮಹಾ ಅನ್ನಿಸಬಹುದು. ಆದರೆ ಮೇಳದಲ್ಲಿ ಯಾಂಗ್‌ಚಿನ್ ಇರುತ್ತಿದ್ದದ್ದೇ ಸಾಮಾನ್ಯವಾಗಿ ಒಂದು. ವಿದ್ಯಾರ್ಥಿ ಒಬ್ಬಂಟಿಯಾಗಿ ಕಲಿಯುತ್ತಾನೆ, ಒಬ್ಬಂಟಿಯಾಗಿ ಅಭ್ಯಾಸ ಮಾಡುತ್ತಾನೆ, ಮೇಳಕ್ಕೆ ಹೋದರೆ ಅಲ್ಲೂ ತನ್ನ ವಾದ್ಯದ ಇನ್ನೊಬ್ಬ ಇಲ್ಲ. ಒಂದೇ ವಾದ್ಯದವರು ಒಟ್ಟಿಗೆ ಕೂತಾಗ ಬೇರೆಯವರ ತಟ್ಟು ತನ್ನದಕ್ಕಿಂತ ಎಷ್ಟು ಭಾರ, ಗುನುಗು ಎಲ್ಲಿ ಕಲಸುತ್ತಿದೆ ಅಂತ ಕಿವಿಗೆ ತಕ್ಷಣ ಗೊತ್ತಾಗುತ್ತದೆ. 140 ತಂತಿಯ ವಾದ್ಯ ಒಂದರ ಶ್ರುತಿ ಕೂಡಿಸುವುದೇ ತಲೆನೋವು, ಅಂಥವು ಅರ್ಧ ಡಜನ್ ಒಟ್ಟಿಗೆ ಕೂಡಬೇಕು ಅಂದರೆ ಊಹಿಸಿಕೊಳ್ಳಿ. ಕಲಿಸುವ ಉಪಾಯವಾಗಿ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಇನ್ನೊಂದು ಕೆಲಸ ಪೂರ್ತಿ ಬೇರೆ ತರಹದ್ದು. 2012ರಲ್ಲಿ ಕೋಪನ್‌ಹೇಗನ್‌ನ ರಾಯಲ್ ಡ್ಯಾನಿಶ್ ಅಕಾಡೆಮಿ ಆಫ್ ಮ್ಯೂಸಿಕ್ ಮತ್ತು ಸೆಂಟ್ರಲ್ ಕನ್ಸರ್ವೇಟರಿ ಸೇರಿ ಸಂಗೀತಕ್ಕೇ ಮೀಸಲಾದ ಕನ್‌ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್, ಅಂದರೆ ಚೀನೀ ಭಾಷೆ, ಸಂಸ್ಕೃತಿಯನ್ನು ಹೊರದೇಶದಲ್ಲಿ ಕಲಿಸುವ ಕೇಂದ್ರ, ಮಾಡಿದವು. ಆ ಕೆಲಸದಲ್ಲಿ ಚೀನಾದ ಕಡೆಯಿಂದ ಮುಂದೆ ನಿಂತವರಲ್ಲಿ ಲಿಯೂ ಒಬ್ಬರು. ಇಲ್ಲಿಗೆ ಬಂದಾಗ ನನ್ನ ಉತ್ಸಾಹ ಸ್ವಲ್ಪ ತಗ್ಗುತ್ತದೆ. ಸರ್ಕಾರದ ದುಡ್ಡಿನಲ್ಲಿ ಸಂಸ್ಕೃತಿಯನ್ನು ಹೊರದೇಶಕ್ಕೆ ಒಯ್ಯುವ ವ್ಯವಸ್ಥೆಯೊಳಗೆ ಕಲಾವಿದರು ಹೋದರೆ ಅವರ ಸಮಯ ಮೀಟಿಂಗು, ಒಪ್ಪಂದ, ಉದ್ಘಾಟನೆಗಳಿಗೆ ಹೋಗುತ್ತದೆ. ಯಾವ ದೇಶದಲ್ಲೂ ಅಷ್ಟೇ. ಇನ್ನೊಂದು ಬದಿಯೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಡೆನ್ಮಾರ್ಕ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಯಾಂಗ್‌ಚಿನ್ ಮುಟ್ಟಿ ನೋಡಬೇಕು ಅನ್ನಿಸಿದರೆ ಅಲ್ಲಿಗೆ ವಾದ್ಯ ಹೋಗಬೇಕು, ಕಲಿಸುವವರು ಹೋಗಬೇಕು, ಅದಕ್ಕೆ ಯಾರೋ ಕಾಗದಪತ್ರ ನೋಡಬೇಕು. ಹಿಂದೆ ಚಿಯೂ ಹೆಚೌ ತಾವೇ ಪುಸ್ತಕ ಅಚ್ಚು ಹಾಕಿಸಿ ಮಾಡಿದ ಕೆಲಸದ ಇವತ್ತಿನ ರೂಪ ಇದು ಅಂತಲೂ ಅನ್ನಬಹುದು.

ನನ್ನ ತಕರಾರು

ಇಡೀ ಪ್ರಕರಣದಲ್ಲಿ ನನಗೆ ಕಾಡುವ ವಿಷಯ ಬೇರೆಯೇ ಇದೆ. ಅದು ಲಿಯೂ ಅವರ ತಪ್ಪಲ್ಲ, ಅವರನ್ನು ಬೆಳೆಸಿದ ವ್ಯವಸ್ಥೆಯದು. ಕನ್ಸರ್ವೇಟರಿ ಯಾಂಗ್‌ಚಿನ್‌ಗೆ ವೇದಿಕೆ ಕೊಟ್ಟಿತು, ಡಿಗ್ರಿ ಕೊಟ್ಟಿತು, ಒಂದೇ ಮಾದರಿಯ ವಾದ್ಯ ಕೊಟ್ಟಿತು. ಅದರ ಜೊತೆಗೆ ನಾಲ್ಕು ಪ್ರಾಂತ್ಯದ ನಾಲ್ಕು ಕೈಗಳನ್ನು ಒಂದೇ ಕೈ ಮಾಡಿತು. ಹಿಂದೆ ಯಾವ ಕೈ ಮುಂದಾಗಬೇಕು ಅನ್ನೋದರಲ್ಲೂ ಊರಿಗೊಂದು ರೂಢಿ ಇತ್ತು. ಜ್ಯಾಂಗ್‌ನಾನ್ ಕಡೆಯವರ ಮೃದುವಾದ ಕೋಲಿಗೂ ಸಿಚುವಾನ್ ಕಥೆಗಾರರ ಗಟ್ಟಿ ತಟ್ಟಿಗೂ ಹೋಲಿಕೆಯೇ ಇರಲಿಲ್ಲ. ಈಗಿನ ವಿದ್ಯಾರ್ಥಿ ನಾಲ್ಕೂ ಬಾನಿಯ ಒಂದೊಂದು ರಚನೆ ಕಲಿಯುತ್ತಾನೆ, ಪರೀಕ್ಷೆಯಲ್ಲಿ ನುಡಿಸುತ್ತಾನೆ, ನಾಲ್ಕೂ 402ರ ದನಿಯಲ್ಲೇ ಕೇಳುತ್ತವೆ.

ಹಾಗಿರುವಾಗ ವಿದೇಶದ ನೆಂಟರನ್ನು ಹುಡುಕಿಕೊಂಡು ಬುಡಾಪೆಸ್ಟ್, ದೆಹಲಿಗೆ ಹೋಗುವಷ್ಟೇ ಶ್ರದ್ಧೆಯಿಂದ ಸಿಚುವಾನ್‌ನ ಚೆಂಗ್ಡುವಿನ ಟೀ ಅಂಗಡಿಗೂ ಹೋಗಬೇಕಲ್ಲವಾ ಅನ್ನೋದು ನನ್ನ ಪ್ರಶ್ನೆ. ಪ್ರಾಂತೀಯ ಬಾನಿಗಳ ಮೇಲೆ ಚೀನಾದಲ್ಲಿ ಬರಹಗಳು ಇವೆ, ಇಲ್ಲ ಅಂತಲ್ಲ. ಆದರೆ ಬರಹ ಬೇರೆ. ದೊಡ್ಡ ಪ್ರೊಫೆಸರ್ ಒಬ್ಬರು ಹಳೇ ಎರಡು ಸಾಲು ಕುದುರೆಯ ಪುಟ್ಟ ವಾದ್ಯದ ಮುಂದೆ ಕೂತು, ಕಥೆ ಹೇಳುವ ಹಿರಿಯರೊಬ್ಬರ ಎದುರು ಮೊದಲ ಪಾಠದಿಂದ ತಿದ್ದಿಸಿಕೊಳ್ಳುವುದು ಬೇರೆ. ವಿದೇಶಿ ಗುರುವಿನ ಮುಂದೆ ವಿದ್ಯಾರ್ಥಿಯಾಗುವುದು ಗೌರವದ ವಿಷಯ, ಸಿವಿಯಲ್ಲಿ ಒಂದು ಸಾಲು. ಹಳ್ಳಿಯ ಗುರುವಿನ ಮುಂದೆ ವಿದ್ಯಾರ್ಥಿಯಾದರೆ ಆ ಸಾಲು ಸಿಗುವುದಿಲ್ಲ. ನಮ್ಮಲ್ಲೂ ಇದೇ ಕಥೆ. ವಿಶ್ವವಿದ್ಯಾಲಯದ ಸಂಗೀತ ವಿಭಾಗದವರು ಎಷ್ಟು ಜನ ನೀಲಗಾರರ ಮುಂದೆ ತಂಬೂರಿ ಹಿಡಿದು ಕಲಿಯಲು ಕೂತಿದ್ದಾರೆ? ರೆಕಾರ್ಡರ್ ಹಿಡಿದು ಕೂತವರು ಬಹಳ ಜನ.

ಆದರೆ ಲಿಯೂ ಅವರ ಸಂಶೋಧನೆಯ ಕ್ರಮ ಇದಕ್ಕೂ ದಾರಿ ತೋರಿಸುತ್ತದೆ ಅನ್ನೋದನ್ನು ಒಪ್ಪಬೇಕು. ವಾದ್ಯವನ್ನು ಮೊದಲು ಕೈಯಿಂದ ಕಲಿ, ಆಮೇಲೆ ಬರೆ ಅನ್ನೋ ಕ್ರಮ. ಅವರ ವಿದ್ಯಾರ್ಥಿಗಳಲ್ಲಿ ಯಾರಾದರೂ ಅದನ್ನು ಒಳನಾಡಿಗೆ ತಿರುಗಿಸಿದರೆ ಸಾಕು, ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಓದಿದ್ದನ್ನು ಕಿವಿಯಿಂದ ಪರೀಕ್ಷೆ ಮಾಡಬೇಕು ಅನ್ನಿಸಿದರೆ ಹೀಗೆ ಮಾಡಿ. ಮೊದಲು ಯಾಂಗ್‌ಚಿನ್‌ನಲ್ಲಿ 'ಹಾನ್‌ಥಿಯನ್‌ಲೇ' ಕೇಳಿ, ಮೂರೇ ನಿಮಿಷದ್ದು. ಆಮೇಲೆ 'ಹಾರಿ ಯಾನೋಷ್'ನ ಇಂಟರ್‌ಮೆಜ್ಜೋ ಹಾಕಿ. ಮೂರನೆಯದು ಸಂತೂರಿನ ಯಾವುದಾದರೂ ಆಲಾಪ, ರಾಗ ನಿಮ್ಮಿಷ್ಟ. ಮೂರರಲ್ಲೂ ಧಾಟಿಯನ್ನು ಬಿಟ್ಟು, ತಟ್ಟಿದ ಮೇಲೆ ಉಳಿಯುವ ಗುನುಗನ್ನು ಮಾತ್ರ ಗಮನಿಸಿ. ಒಬ್ಬರು ಅದನ್ನು ಹರಿಯಲು ಬಿಡುತ್ತಾರೆ, ಒಬ್ಬರು ಕಾಲಿನಿಂದ ಕತ್ತರಿಸುತ್ತಾರೆ, ಒಬ್ಬರು ಅದು ಮುಗಿಯುವ ಮುಂಚೆ ಕಲಮನ್ನು ಜಾರಿಸಿ ಮುಂದಿನ ಸ್ವರಕ್ಕೆ ದಾಟಿಸುತ್ತಾರೆ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಮೊಬೈಲ್ ಸ್ಪೀಕರ್‌ನಲ್ಲಿ ಈ ಗುನುಗು ಅರ್ಧ ಕೇಳುವುದೇ ಇಲ್ಲ.